ಗಿರಿಜೆಯ ಈಜುತೊಟ್ಟಿಗೆ ನಾನು ಹಾಕಿದ ಪೈಪು

ಹಿತ್ತಲಿನಲ್ಲಿ ಈಜುತೊಟ್ಟಿ ಕಟ್ಟಿಸಿದ ಕೀರ್ತಿ ನನ್ನದು. ಅದಕ್ಕೆ ಪೈಪು ಹಾಕಿದ ಅಪಕೀರ್ತಿಯೂ ನನ್ನದೇ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ ಅದು. ಹೂವಿನಹಡಗಲಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಹೇಳಿದ್ದ ನನಗೆ ನೀರು ನನ್ನ ಮಾತು ಕೇಳುತ್ತದೆ ಎಂಬ ಭರವಸೆ ಇತ್ತು. ಹುಡುಗರೇ ಕೇಳುತ್ತಿರಲಿಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ.

ತೊಟ್ಟಿಯ ಆಸೆ ನನ್ನ ಹೆಂಡತಿ ಗಿರಿಜೆಯದು. ಅವಳ ತವರು ಹೊಳಲು ಎಂಬ ಊರು. ಅವಳ ಮೂವರು ಅಣ್ಣಂದಿರೂ ತೋಟದ ಬಾವಿಯಲ್ಲಿ ಈಜು ಕಲಿತವರು. ಹುಡುಗಿಯರು ಬಾವಿಗೆ ಇಳಿಯುವಂತಿರಲಿಲ್ಲವಾದ್ದರಿಂದ ಅವಳು ದಂಡೆಯ ಮೇಲೆ ಕೂತು ಅಣ್ಣಂದಿರ ಬಟ್ಟೆ ಕಾಯುತ್ತಿದ್ದಳಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದಳು, "ಒಂದ್ಸಲನಾರ ನೀರಾಗ ತೇಲಬೇಕು ನೋಡ್ರಿ." ನಾನು "ಅದೇನು ದೊಡ್ಡದು" ಎಂದಿದ್ದೆ. ಆ ಮಾತಿಗೆ ಹದಿನಾರು ವರ್ಷ ತುಂಬಿದ ಮೇಲೆ ನನಗೇ ನಾಚಿಕೆಯಾಗಿ ಗೌಂಡಿಯನ್ನು ಕರೆಸಿದೆ.

ನಮ್ಮ ಹಿತ್ತಲಲ್ಲಿ ಎರಡಡಿ ಅಗೆದರೆ ಬಂಡೆ. ಹಾಗಾಗಿ ತೊಟ್ಟಿ ನೆಲದ ಮೇಲೆಯೇ ಎದೆಮಟ್ಟಕ್ಕೆ ಎದ್ದು ನಿಂತಿತು. ಪಕ್ಕದಲ್ಲೇ ಮಲ್ಲಿಗೆ ತೋಟವಿದ್ದ ಬಸಣ್ಣ ತನ್ನ ಬೋರಿನಿಂದ ನೀರು ಕೊಡಲು ಒಪ್ಪಿದ. ಅವನ ಷರತ್ತು ಒಂದೇ, ನೀರು ಬದಲಿಸುವಾಗ ಹಳೆಯದನ್ನು ಅವನ ಮಲ್ಲಿಗೆಗೆ ಬಿಡಬೇಕು. ಆದರೆ ನೀರು ಬದಲಿಸುವ ಪ್ರಸಂಗವೇ ಬರಬಾರದೆಂದು ನಾನು ಗ್ರಾಫ್ ಹಾಳೆಯ ಮೇಲೆ ಒಂದು ಯೋಜನೆ ಬರೆದೆ. ತೊಟ್ಟಿಯ ಬುಡದಿಂದ ಪೈಪು, ಅಲ್ಲಿಂದ ಮೋಟಾರು, ಮೋಟಾರಿನಿಂದ ಮರಳಿನ ಡ್ರಮ್ಮು, ಡ್ರಮ್ಮಿನಲ್ಲಿ ಸೋಸಿದ ನೀರು ಮತ್ತೆ ತೊಟ್ಟಿಗೆ. ಮೂಲೆಗಳೆಲ್ಲ ತೊಂಬತ್ತು ಡಿಗ್ರಿ.

ಹಡಗಲಿಯಲ್ಲಿ ಪೈಪು ಸಿಗುತ್ತಿರಲಿಲ್ಲವೆಂದಲ್ಲ. ದೊಡ್ಡ ಕೆಲಸಕ್ಕೆ ಬಸ್ಸು ಹತ್ತಿಯೇ ಹೋಗಬೇಕೆಂಬುದು ನನ್ನ ನಂಬಿಕೆ. ಕೊಟ್ಟೂರಿನ ಹಾರ್ಡ್‌ವೇರ್ ಅಂಗಡಿಯ ವೀರಣ್ಣ ನನ್ನ ಹಾಳೆಯನ್ನು ಮೊದಲು ತಲೆಕೆಳಗಾಗಿ, ಆಮೇಲೆ ಸರಿಯಾಗಿ ನೋಡಿದ.

"ಸರ, ತೊಟ್ಟಿ ಬುಡದಾಗ ಪೈಪು ಹೊರಡೋ ಬಾಯಿಗೇ ಒಂದು ವಾಲ್ವ್ ಹಾಕ್ರಿ. ಮೋಟಾರಿನ ಎರಡೂ ಕಡೆ ಯೂನಿಯನ್ ಇರಲಿ. ನಾಳಿ ಬಿಚ್ಚಬೇಕಂದ್ರ ತಿರುವಿದ್ರ ಸಾಕು, ಕೈಗೆ ಬರತೈತಿ."

"ಬಿಚ್ಚುವಂಥ ಕೆಲಸ ನಾನು ಮಾಡೋದಿಲ್ರಿ ವೀರಣ್ಣ," ಎಂದೆ. "ಎಲ್ಲಾ ಅಂಟು ಹಾಕಿ ಖಾಯಂ ಮಾಡ್ತೀನಿ. ವಾಲ್ವ್ ಒಂದು ಸಾಕು, ನೀರು ತೊಟ್ಟಿಗೆ ವಾಪಸ್ ಬೀಳೋ ಕಡೆ."

ವೀರಣ್ಣ ಹಾಳೆ ಮಡಚಿ ನನ್ನ ಕೈಗಿಟ್ಟ. "ಹೆಂಗ ಅನಸ್ತೈತೋ ಹಂಗ ಮಾಡ್ರಿ," ಎಂದು ಕಟ್ಟಿಕೊಟ್ಟ.

ಮನೆಗೆ ಬಂದು ನೋಡಿದರೆ ಪೈಪು ಒಂದೂವರೆ ಇಂಚು, ಮೂಲೆಯಲ್ಲಿ ತಿರುಗಿಸುವ ಎಲ್ಬೋಗಳು ಒಂದೂಕಾಲು, ಮೋಟಾರಿನ ಬಾಯಿ ಒಂದೇ ಇಂಚು. ನಾನು ಬರೆದುಕೊಟ್ಟಂತೆಯೇ ಅವನು ಕೊಟ್ಟಿದ್ದ. ಆ ವಾರ ನಾಲ್ಕು ಸಲ ಕೊಟ್ಟೂರಿಗೆ ಹೋದೆ. ನಾಲ್ಕನೆಯ ಸಲ ಕಂಡಕ್ಟರು, "ಸರ, ಪೈಪು ಹಿಂದ ಇಡ್ರಿ, ನೀವು ಮುಂದ ಬರ್ರಿ," ಎಂದು ತಾನಾಗಿಯೇ ಜಾಗ ಮಾಡಿಕೊಟ್ಟ. ಗಿರಿಜೆ ಅಷ್ಟರಲ್ಲಿ ಒಂದು ಹಳೆಯ ಚೂಡಿದಾರದ ಹೊಲಿಗೆ ಬಿಗಿಮಾಡಿ, ಮಡಚಿ, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದಳು. ದಿನಕ್ಕೊಮ್ಮೆ ಅದನ್ನು ತೆಗೆದು ನೋಡುತ್ತಿದ್ದಳು. ನನಗೆ ಕಾಣದಂತೆ ನೋಡುತ್ತಿದ್ದಳೆಂದು ಅವಳ ನಂಬಿಕೆ.

ಅಂಟು ಹಾಕಿದ್ದಾಯಿತು. ಮೋಟಾರು ಹಾಕಿದೆ. ಗುಂಯ್ ಎಂದಿತು, ನೀರು ಹನಿಯೂ ಬರಲಿಲ್ಲ. ಬೇಲಿಯಾಚೆಯಿಂದ ಬಸಣ್ಣ ಬಂದು ಬಗ್ಗಿ ನೋಡಿದ. ಮೋಟಾರಿನ ಮುಂದೆ, ನೀರು ಹಿಂದಕ್ಕೆ ಬಾರದಂತೆ ತಡೆಯುವ, ಮೋಟಾರಿನ ಜೊತೆಗೇ ಬಂದ ವಾಲ್ವೊಂದಿತ್ತು. ನೀರು ಯಾವ ಕಡೆ ಹರಿಯಬೇಕೆಂದು ತೋರಿಸಲು ಅದರ ಮೈಮೇಲೆ ಬಾಣದ ಗುರುತು.

"ಮೇಷ್ಟ್ರೇ, ನೀರು ಹೋಗೋದು ಪಡುವಣಕ್ಕ. ಬಾಣ ಯಾಕ ಮೂಡಣಕ್ಕ ಐತಿ?"

ನಿಜ ಹೇಳಿದೆ. ಹೊಸ ಕೆಲಸದಲ್ಲಿ ಬಾಣ ಪಶ್ಚಿಮಕ್ಕೆ ತೋರಿಸುವುದು ಶುಭವಲ್ಲವೆಂದು ನಾನೇ ಪೂರ್ವಕ್ಕೆ ತಿರುಗಿಸಿ ಅಂಟಿಸಿದ್ದೆ. ಬಸಣ್ಣ ಮನೆಗೆ ಹೋಗಿ ಗರಗಸ ತಂದುಕೊಟ್ಟ.

ಅಂತೂ ಕೊಯ್ದು, ಮತ್ತೆ ಅಂಟಿಸಿ, ನೀರು ಸುತ್ತತೊಡಗಿದ ದಿನ ಗಿರಿಜೆ ಗಂಗೆಪೂಜೆ ಮಾಡಿದಳು. ಬಸಣ್ಣ ಮೊಳ ಮಲ್ಲಿಗೆ ತಂದ. ಚೂಡಿದಾರ ತೊಟ್ಟ ಗಿರಿಜೆ ಅರಿಶಿನ ಕುಂಕುಮ ಏರಿಸಿ, ತೆಂಗಿನಕಾಯಿ ನನ್ನ ಕೈಗೆ ಕೊಟ್ಟಳು.

"ಅಲ್ಲಿ ಕಲ್ಲಿನ ಮ್ಯಾಲೆ ಒಡೀರಿ."

"ಕಲ್ಲಿಗೆ ಯಾಕ? ಕೆಲಸ ಮಾಡೋದು ಪೈಪು, ಪೈಪಿಗೇ ಒಡೀತೀನಿ. ಇದು ಕಾಯಿ ತಡಕೊಂಡ್ರ ಮುಂದ ಏನು ಬಂದ್ರೂ ತಡಕೊಂತೈತಿ," ಎಂದೆ. ತೊಟ್ಟಿಯ ಬುಡದ ಮೊದಲ ಎಲ್ಬೋ ನೋಡಿ ಅಪ್ಪಳಿಸಿದೆ.

ಕಾಯಿ ಒಡೆಯಲಿಲ್ಲ. ಎಲ್ಬೋ ಒಡೆಯಿತು.

ನೀರು ಮೊಣಕಾಲಿಗೆ ಬಂದು ಬಡಿಯಿತು. ನಾನು ಓಡಿಹೋಗಿ ಕೈಯಿಂದ ತಿರುವಿ ಮುಚ್ಚುವಂಥ ಒಂದೇ ವಾಲ್ವನ್ನು ಮೈಯ ಬಲವೆಲ್ಲ ಹಾಕಿ ಬಂದ್ ಮಾಡಿದೆ. ಅದು ತೊಟ್ಟಿಯ ಆಚೆ ತುದಿಗೆ ಇತ್ತು. ನೀರು ತನ್ನ ಪಾಡಿಗೆ ತಾನು ಈಚೆ ತುದಿಯಿಂದ ಹೋಗುತ್ತಿತ್ತು. ಅಂಗೈ ಒತ್ತಿದೆ, ತೆಂಗಿನ ಜುಟ್ಟು ತುರುಕಿದೆ, ಎರಡನ್ನೂ ನೀರು ತಳ್ಳಿಹಾಕಿತು. ಬಸಣ್ಣ ಮಾತ್ರ ಸಲಿಕೆ ಹಿಡಿದು ಮಲ್ಲಿಗೆ ಮಡಿಗಳ ಕಡೆ ಕಾಲುವೆ ತಿರುವುತ್ತಿದ್ದ.

"ನೀರು ಬದಲಿ ಮಾಡೋದು ಇವತ್ತೇ ಅಂತ ಮೊದ್ಲೇ ಹೇಳಬಾರದೇನ್ರಿ ಮೇಷ್ಟ್ರೇ, ಮಡಿ ಸರಿ ಮಾಡಿರ್ತಿದ್ದೆ."

ಗಿರಿಜೆಯ ಕಡೆ ನೋಡಲು ನನಗೆ ಮುಖವಿರಲಿಲ್ಲ. ಹದಿನಾರು ವರ್ಷದ ನೀರು ಹರಿದುಹೋಗುತ್ತಿತ್ತು. ಅಷ್ಟರಲ್ಲಿ ಅವಳು ನನ್ನ ಹೆಗಲ ಟವೆಲು ಎಳೆದುಕೊಂಡು, ಮೆಟ್ಟಿಲು ಹತ್ತಿ, ದಡಕ್ಕನೆ ತೊಟ್ಟಿಗೆ ಇಳಿದಳು. ಮುಳುಗಿ, ಟವೆಲನ್ನು ಒಳಗಿನಿಂದ ಪೈಪಿನ ಬಾಯಿಗೆ ತುರುಕಿದಳು. ನೀರೇ ಅದನ್ನು ಒತ್ತಿ ಹಿಡಿಯಿತು, ಸೋರುವುದು ನಿಂತಿತು. ನೀರಿನ ಒತ್ತಡದ ಪಾಠ ಹದಿನೆಂಟು ವರ್ಷ ಮಾಡಿದವನು ನಾನು.

ತೊಟ್ಟಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನೀರು ಉಳಿದಿತ್ತು. ಅವಳು ಎದ್ದು ನಿಲ್ಲಲು ಹೋದಳು, ಕಾಲು ಜಾರಿತು, ಅಂಗಾತ ಬಿದ್ದಳು. ನಾನು ಗಾಬರಿಯಾಗಿ ಗೋಡೆ ಹತ್ತಿದೆ. ಅವಳು ಮುಳುಗಿರಲಿಲ್ಲ. ಮುಖ ಮೇಲೆ ಮಾಡಿ, ಕೈ ಚಾಚಿ, ತೇಲುತ್ತಿದ್ದಳು.

"ಹೊರಗ ಬಾ, ಪೈಪು ಸರಿ ಮಾಡ್ತೀನಿ," ಎಂದೆ.

"ಏನೂ ಸರಿ ಮಾಡಬ್ಯಾಡ್ರಿ. ಒಳಗ ಹೋಗಿ ಒಣಗಿದ್ದೊಂದು ಸೀರಿ ತಂದು ಇಟಗೊಂಡು ನಿಂದರ್ರಿ."

ಆ ಬೇಸಿಗೆಯ ಸಂಜೆಗಳು ಈಗಲೂ ಕಣ್ಣಮುಂದಿವೆ. ಆಚೆಯಿಂದ ಮಲ್ಲಿಗೆಯ ವಾಸನೆ, ತೊಟ್ಟಿಯಲ್ಲಿ ಗಿರಿಜೆಯ ನಗು. ಅಷ್ಟು ಸುಖವಾದ ರಜೆ ನನಗೆ ಮತ್ತೆ ಸಿಗಲಿಲ್ಲ. ವೀರಣ್ಣ ಹೇಳಿದ ವಾಲ್ವು, ಯೂನಿಯನ್ನುಗಳನ್ನು ಬಸಣ್ಣನೇ ತಂದು ಹಾಕಿದ. ನನಗೆ ಪೈಪು ತಿರುವುವ ಪಾನಾ ಮುಟ್ಟಲೂ ಬಿಡಲಿಲ್ಲ. ನನ್ನ ಪಾಲಿಗೆ ಉಳಿದದ್ದು ಒಂದೇ ಕೆಲಸ, ದಂಡೆಯ ಮೇಲೆ ನಿಂತು ಬಟ್ಟೆ ಕಾಯುವುದು. ಹೊಳಲಿನ ಬಾವಿಯ ದಂಡೆಯಲ್ಲಿ ಅಷ್ಟು ವರ್ಷ ಕೂತರೂ ಗಿರಿಜೆ ಅಣ್ಣಂದಿರ ಒಂದು ಬಟ್ಟೆಯನ್ನೂ ನೀರಿಗೆ ಬೀಳಿಸಿರಲಿಲ್ಲವಂತೆ.

ನಾನು ಮೊದಲ ವಾರದಲ್ಲೇ ಎರಡು ಸಲ ಬೀಳಿಸಿದೆ.