ಅಲ್ಲಾಡದ ಆನಂದತೀರ್ಥ

೨೦೨೫ನೇ ಇಸವಿ ಮೇ ಹದಿನೇಳು, ಶನಿವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಕ್ಯುಪರ್ಟಿನೋದ ಆನಂದತೀರ್ಥ ತಮ್ಮ ಅಡುಗೆಮನೆಯಲ್ಲಿ ಒಂದು ಈಮೇಲನ್ನು ಎರಡನೆಯ ಸಲ ಓದಿದರು. ಓದಿ, ಕಾಫಿ ಲೋಟವನ್ನು ಸಿಂಕಿನ ಪಕ್ಕ ಇಡಲು ಹೋಗಿ ಸಿಂಕಿನೊಳಕ್ಕೇ ಬೀಳಿಸಿದರು.

ಈಮೇಲ್ ಬಂದದ್ದು ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪದಿಂದ. ಪ್ಯಾಡಲ್‌ಬೋರ್ಡ್ ಎಂಬ ಉದ್ದನೆಯ ಹಲಗೆಯ ಮೇಲೆ ನಿಂತು, ಹುಟ್ಟು ಹಾಕುತ್ತ ಆ ದ್ವೀಪ ಸುತ್ತುವ ಪ್ರವಾಸದವರು ಬರೆದಿದ್ದರು. ಹೊರಟವರೆಲ್ಲರೂ ಹಲಗೆಯ ಮೇಲೆ ಬೀಳದೆ ಹತ್ತು ನಿಮಿಷ ನಿಂತ ವಿಡಿಯೊ ಕಳಿಸಬೇಕಿತ್ತು. ಮಗಳು ಮಾನ್ಯಾಳದು ಬಂದಿದೆ, ನಿಮ್ಮದು ಬಂದಿಲ್ಲ. ಇವತ್ತು ನಿಮ್ಮ ಮಧ್ಯಾಹ್ನದೊಳಗೆ ಬಾರದಿದ್ದರೆ ನಿಮ್ಮ ಜಾಗ ಬೇರೆಯವರಿಗೆ.

ಮಾನ್ಯಾ ಒಬ್ಬಳೇ ಮಗಳು. ಆಗಸ್ಟಿನಲ್ಲಿ ಕಾಲೇಜಿಗೆಂದು ಬಾಸ್ಟನ್‌ಗೆ ಹೊರಡುವವಳು. ಹಿಂದಿನ ಎರಡು ವರ್ಷ ಅವಳು ಅಪ್ಪನೊಡನೆ ಆಡಿದ ಮಾತೆಲ್ಲ ಕಾರಿನ ಕೀಗೋ ವೈಫೈಗೋ ಸಂಬಂಧಪಟ್ಟದ್ದು. ಅಂಥವಳು ಚಳಿಗಾಲದ ಒಂದು ಸಂಜೆ ತಾನಾಗಿಯೇ, "ಅಪ್ಪಾ, ನಾನು ಹೋಗೋಕ್ ಮುಂಚೆ ನಾವಿಬ್ರೇ ಒಂದು ಟ್ರಿಪ್ ಹೋಗೋಣ್ವಾ?" ಎಂದು ಕೇಳಿದ್ದಳು. ಎಲ್ಲಿಗೆ, ಹೇಗೆ ಎಂದು ವಿಚಾರಿಸದೆ ಆನಂದತೀರ್ಥ ಹೂಂ ಅಂದುಬಿಟ್ಟಿದ್ದರು. ಚಂದ್ರಲೋಕಕ್ಕೆ ಅಂದಿದ್ದರೂ ಅನ್ನುತ್ತಿದ್ದರು. ಅಂದಿನಿಂದ ಭಾನುವಾರ ತಪ್ಪದೆ ಹಲಗೆ ಏರಿ ನೀರಿಗೆ ಬೀಳುತ್ತಿದ್ದರು. ಅವರಿಗೆ ಈಜು ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ.

ಪಕ್ಕದ ಮನೆಯ ಶಿವರಾಮು ಮಂಡ್ಯದ ಕಡೆಯವರು, ನಾಲೆಯಲ್ಲಿ ಈಜಿ ಬೆಳೆದವರು. ಪ್ರವಾಸದ ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ತಮ್ಮ ಮಗಳು ಲಾಸ್ಯಾಳೊಡನೆ ತಾವೂ ಹೆಸರು ಕೊಟ್ಟು, ವಿಡಿಯೊ ಕಳಿಸಿ, ನಿಶ್ಚಿಂತರಾಗಿದ್ದರು. ಈಗ ಬೇಲಿಯ ಆಚೆಯಿಂದಲೇ ಸಮಾಧಾನ ಹೇಳಿದರು.

"ಯಾಕ್ ಸಾರ್ ತಲೆ ಕೆಡಿಸ್ಕೋತೀರ? ಮಾನ್ಯಾನ ನಮ್ಮ ಜೊತೆ ಕಳಿಸ್ಬಿಡಿ. ಎರಡು ಹುಡುಗೀರೂ ನಂಗೆ ಒಂದೇ."

ಈ ಉದಾರತೆ ಆನಂದತೀರ್ಥರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮೀನನ್ನು ಅವರು ಜನ್ಮದಲ್ಲಿ ತಿಂದವರಲ್ಲ.

ಪಾಲೋ ಆಲ್ಟೋದ ಕೊಲ್ಲಿಯ ದಡಕ್ಕೆ ಹೊರಟದ್ದು ಶಿವರಾಮು ಅವರ ವ್ಯಾನಿನಲ್ಲೇ. ಅವರ ತಾಯಿ ಜವರಮ್ಮ, ಊರಿನಿಂದ ಬಂದು ತಿಂಗಳಾಗಿದ್ದವರು, ಸ್ವೆಟರ್ ತೊಟ್ಟು, ಮಡಚುವ ಕುರ್ಚಿ ಮತ್ತು ಕಡಲೆಪುರಿಯ ಡಬ್ಬಿ ಸಮೇತ ಹತ್ತಿ ಕೂತರು. ಆಸ್ಪತ್ರೆಯ ಡ್ಯೂಟಿಯಲ್ಲಿದ್ದ ಆನಂದತೀರ್ಥರ ಹೆಂಡತಿ ವಸುಧಾ ಫೋನಿನಲ್ಲಿ ವೈದ್ಯಕೀಯ ಸಲಹೆ ಕೊಟ್ಟರು: "ಬೀಳೋವಾಗ ಬಾಯಿ ಮುಚ್ಕೊಂಡು ಬೀಳಿ."

ಆನಂದತೀರ್ಥ ಹಲಗೆ ಏರಿದರು, ಗುರುತ್ವಕೇಂದ್ರವನ್ನು ಮನಸ್ಸಿನಲ್ಲೇ ಗುರುತಿಸಿಕೊಂಡರು, ಎದ್ದರು, ಬಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಹಲಗೆಗೆ ಅದು ಗೊತ್ತಿರಲಿಲ್ಲ. ಮಂಡಿ ಸಡಿಲ ಬಿಡಿ ಎಂದು ಶಿವರಾಮು ಕೂಗಿದರು. ನಾಯಿ ಹಿಡಿದು ಬಂದಿದ್ದ ಒಬ್ಬ ಅಮೆರಿಕನ್ ಮುದುಕ, ದೂರದ ಬೆಟ್ಟ ನೋಡು ಎಂದ. ಜವರಮ್ಮ ಕಡಲೆಪುರಿ ಮುಕ್ಕುತ್ತ, "ನಾಟಿ ಹಾಕೋರಂಗೆ ಸೊಂಟ ಬಗ್ಸಪ್ಪ. ನೀನು ಮದ್ವೆ ಫೋಟೋಕ್ ನಿಂತಂಗೆ ನಿಂತಿದೀಯ" ಅಂದರು. ಮೂವರ ಮಾತನ್ನೂ ಒಟ್ಟಿಗೆ ಪಾಲಿಸಿದಾಗ ಆನಂದತೀರ್ಥ ಹಿಂದಕ್ಕೂ ಅಲ್ಲ, ಮುಂದಕ್ಕೂ ಅಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಬಿದ್ದರು.

ಹನ್ನೊಂದು ದಾಟಿತು. ಮಾನ್ಯಾ ಮಾತು ನಿಲ್ಲಿಸಿ ಫೋನು ನೋಡತೊಡಗಿದ್ದಳು. ಅದನ್ನು ಕಂಡು ಅವರಿಗೆ ನೀರಿನ ಚಳಿಗಿಂತ ಬೇರೆಯ ಒಂದು ಚಳಿ ಹತ್ತಿತು. ಸಲಹೆಗಳಿಂದ ತಪ್ಪಿಸಿಕೊಳ್ಳಲು ಹಲಗೆಯ ಮೇಲೆ ಮಂಡಿಯೂರಿ, ಹುಟ್ಟು ಹಾಕಿಕೊಂಡು ದೂರದ ಜೊಂಡಿನ ಪಕ್ಕಕ್ಕೆ ಹೋದರು. ಆಸೆ ಬಿಟ್ಟು, ಸುಮ್ಮನೆ ಎದ್ದು ನಿಂತರು.

ಹಲಗೆ ಅಲ್ಲಾಡಲಿಲ್ಲ.

"ಅಪ್ಪಾ, ಹಂಗೇ ಇರು. ಡೋಂಟ್ ಮೂವ್. ಅಂಕಲ್ ರೆಕಾರ್ಡ್ ಮಾಡ್ತಿದಾರೆ."

ಕೊಲ್ಲಿಯ ಗಾಳಿ ಎದ್ದಿತು. ಅಂಗಿ ಬಾವುಟದಂತೆ ಪಟಪಟಿಸಿತು. ಆನಂದತೀರ್ಥ ಧ್ವಜಸ್ತಂಭದಂತೆ ನಿಂತರು. ಹತ್ತು ನಿಮಿಷ ಮುಗಿದಾಗ ಮಗಳು ದಡದಲ್ಲಿ ಕುಣಿಯುತ್ತಿದ್ದಳು, ಚಿಕ್ಕವಳಿದ್ದಾಗ ಆಫೀಸಿನಿಂದ ಅಪ್ಪ ಬಂದರೆ ಕುಣಿಯುತ್ತಿದ್ದ ಹಾಗೆ. ಕಣ್ಣು ಮಂಜಾಗಿ, ದಡಕ್ಕೆ ಮರಳಲು ಹುಟ್ಟನ್ನು ನೀರಿಗೆ ಹಾಕಿದರು. ಅದು ಕೆಸರಿನಲ್ಲಿ ಹೂತು ನಿಂತಿತು. ಸಮುದ್ರದ ಇಳಿತ ಯಾವಾಗಲೋ ಶುರುವಾಗಿ, ಅಲ್ಲಿ ಉಳಿದಿದ್ದದ್ದು ಗೇಣು ನೀರೂ ಅಲ್ಲ. ಹಲಗೆ ಇಷ್ಟು ಹೊತ್ತೂ ಊಟಕ್ಕೆ ಹಾಕಿದ ಮಣೆಯ ಹಾಗೆ ಕೆಸರಿನ ಮೇಲೆ ಕೂತಿತ್ತು.

"ಶಿವರಾಮು, ಕಳಿಸ್ಬೇಡಿ."

"ಕಳಿಸಾಯ್ತಲ್ಲ ಸಾರ್. ಥ್ಯಾಂಕ್ಸ್ ಆಮೇಲ್ ಹೇಳಿ."

ಹಲಗೆಯಿಂದ ಇಳಿದವರು ತೊಡೆಯವರೆಗೆ ಹೂತರು. ಶಿವರಾಮು ಮತ್ತು ಮುದುಕ ಸೇರಿ ನಾಯಿಯ ಹಗ್ಗದಿಂದ ಎಳೆದರು. ಒಂದು ಚಪ್ಪಲಿ ಕೊಲ್ಲಿಯ ಪಾಲಾಯಿತು. ವ್ಯಾನಿನಲ್ಲಿ ಮಾನ್ಯಾ ಅಪ್ಪನ ಕೆಸರು ಭುಜಕ್ಕೆ ತಲೆಯಿಟ್ಟು, "ಇಟ್ಸ್ ಓಕೆ ಅಪ್ಪಾ. ನಿಂತಿದ್ದಂತೂ ನಿಂತಿದ್ದೆ" ಅಂದಳು. ಮನೆ ಬರುವವರೆಗೆ ಆನಂದತೀರ್ಥ ಉಸಿರನ್ನೂ ಜೋಪಾನವಾಗಿ ಬಿಟ್ಟರು.

ಮನೆಯಲ್ಲಿ ಉತ್ತರ ಕಾದಿತ್ತು. ಅಭಿನಂದನೆಗಳು. ಅಂಥ ಗಾಳಿಯಲ್ಲೂ ನಿಮ್ಮ ಹಲಗೆ ಕೂದಲೆಳೆಯಷ್ಟೂ ಕದಲದಿದ್ದುದನ್ನು ನಮ್ಮ ತರಬೇತುದಾರರೆಲ್ಲ ಕೂಡಿ ನೋಡಿದರು. ಆದ್ದರಿಂದ ನಿಮ್ಮನ್ನು ಹೊಸಬರ ತಂಡದಿಂದ ತೆಗೆದು, ಬಿರುಗಾಳಿಯ ಉತ್ತರ ತೀರದಲ್ಲಿ ಹೋಗುವ ನುರಿತವರ ತಂಡಕ್ಕೆ ಹಾಕಿದ್ದೇವೆ. ಮಾನ್ಯಾ, ಲಾಸ್ಯಾ, ಶಿವರಾಮು ಹೊಸಬರೊಂದಿಗೆ ದಕ್ಷಿಣ ತೀರದಲ್ಲಿರುತ್ತಾರೆ.

ನಿಜ ಬರೆದುಬಿಡಿ ಎಂದು ವಸುಧಾ ಫೋನಿನಲ್ಲಿ ಹೇಳಿದರು. ಆನಂದತೀರ್ಥ ಬರೆದರು: ಹಲಗೆ ಕೆಸರಿನಲ್ಲಿ ಕೂತಿತ್ತು, ನನಗೆ ನಿಲ್ಲಲು ಬರುವುದಿಲ್ಲ, ದಯವಿಟ್ಟು ಮಗಳ ಜೊತೆ ಹಾಕಿ. ಮರುಕ್ಷಣವೇ ಉತ್ತರ ಬಂತು. ಇಷ್ಟು ಸಾಮರ್ಥ್ಯವಿದ್ದೂ ಇಂಥ ವಿನಯ, ಇಂಥ ಹಾಸ್ಯ ಅಪರೂಪ. ತಂಡದಲ್ಲಿ ಹಿಂದೆ ಬಿದ್ದವರನ್ನು ನೋಡಿಕೊಳ್ಳುವ ಹೊಣೆಯನ್ನೂ ನಿಮಗೇ ವಹಿಸಿದ್ದೇವೆ. ಪಟ್ಟಿ ಮುಚ್ಚಲಾಗಿದೆ.

ಮಾನ್ಯಾ ಫೋನಿನಲ್ಲಿ ದ್ವೀಪದ ನಕ್ಷೆ ತೆರೆದು, ಉತ್ತರದ ಬಿಡಾರದ ಮೇಲೆ ಒಂದು ಬೆರಳು, ದಕ್ಷಿಣದ ಬಿಡಾರದ ಮೇಲೆ ಇನ್ನೊಂದು ಬೆರಳು ಇಟ್ಟು ಅಪ್ಪನ ಮುಂದೆ ಹಿಡಿದಳು. ನಡುವಿನ ನೇರ ದೂರ ಹದಿನೇಳು ಕಿಲೋಮೀಟರ್.