ನನ್ನ ಮೋಟಾರಿನ ಮೂಗಿಗೆ ಒಲಿಯದ ನಂಬರು ತಗಡಿನವರ ಸನ್ನಿಧಾನಕ್ಕೆ

ಚಳ್ಳಕೆರೆ,
ಆನಂದ ಸಂವತ್ಸರ, ಆಷಾಢ ಮಾಸ

ಮೊಳಕಾಲ್ಮುರಿನ ಪೆದ್ದಣ್ಣನ ಕೊಟ್ಟಿಗೆಯಲ್ಲಿ ಹಾಲಿ ಬಿಡಾರ ಮಾಡಿಕೊಂಡಿರುವ, ನನ್ನ ಓಟದ ಮೋಟಾರಿನ ಮುಂಭಾಗದ ನಂಬರು ತಗಡು ಸಾಹೇಬರಿಗೆ,

ಮಾನ್ಯರೇ,

ಚಳ್ಳಕೆರೆ ಪೇಟೆಯಲ್ಲಿ ಸೀರೆ ವ್ಯಾಪಾರ ಮಾಡಿಕೊಂಡು, ಈ ಸೀಮೆಗೆಲ್ಲ ಮೊದಲನೆಯದಾಗಿ ಎರಡೇ ಆಸನದ ಓಟದ ಮೋಟಾರನ್ನು ತಂದು, ಕುರಿ, ಕೋಳಿ, ಶ್ಯಾನುಭೋಗರು ಎಂಬ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಬೇಲಿ ಹಾರಿಸಿದ ಕೀರ್ತಿಗೆ ಪಾತ್ರನಾದ ಜಂಬುಲಿಂಗಪ್ಪನು ತಮ್ಮ ಪಾದಗಳಿಗೆ, ತಮಗೆ ಪಾದಗಳಿಲ್ಲವಾದ್ದರಿಂದ ತಮ್ಮ ನಾಲ್ಕು ಮೂಲೆಗಳಿಗೆ, ನಮಸ್ಕರಿಸಿ ಬರೆಯುವುದೇನೆಂದರೆ, ನಾನು ಕ್ಷೇಮವಾಗಿದ್ದೇನೆ, ಮೋಟಾರು ಅಷ್ಟು ಕ್ಷೇಮವಾಗಿಲ್ಲ, ತಾವು ಮಾತ್ರ ಬಹಳ ಕ್ಷೇಮವಾಗಿದ್ದೀರೆಂದು ಮೊಳಕಾಲ್ಮುರಿನಿಂದ ಬಂದವರೆಲ್ಲ ಹೇಳಿ ಹೇಳಿ ನನ್ನ ಹೊಟ್ಟೆ ಉರಿಸುತ್ತಿದ್ದಾರೆ.

ಈ ಪತ್ರವನ್ನು ಊರೆಲ್ಲ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಲಕೋಟೆಯಲ್ಲಿ ಹಾಕಿ ಕಳಿಸೋಣವೆಂದರೆ ಅಂಚೆಯವನಿಂದ ಈಸಿಕೊಳ್ಳಲು ತಮಗೆ ಕೈಯಿಲ್ಲ. ಪೆದ್ದಣ್ಣನ ಕೈಗೆ ಕೊಡಿಸೋಣವೆಂದರೆ ಅವನು ಒಡೆದೂ ನೋಡದೆ ಎತ್ತಿಗೆ ತಿನ್ನಿಸಿಬಿಡುವ ಮನುಷ್ಯ.

ನಾನು ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳು ಸವೆಸಿ ಓದಿದವನು, ಆದ್ದರಿಂದ ವಿಷಯವನ್ನು ಬುಡದಿಂದ ಹೇಳುತ್ತೇನೆ. ತಾವು ಇನ್ನೂ ಹುಟ್ಟದೆ, ಯಾವುದೋ ಸೀಮೆಎಣ್ಣೆ ಡಬ್ಬದ ಹೊಟ್ಟೆಯಲ್ಲಿದ್ದ ಕಾಲಕ್ಕೆ, ಬಳ್ಳಾರಿ ದಂಡಿನ ದೊರೆಯೊಬ್ಬರು ವಿಲಾಯಿತಿಗೆ ವಾಪಸು ಹೋಗುವಾಗ ಈ ಮೋಟಾರನ್ನು ನನಗೆ ಮಾರಿದರು. ಅದನ್ನು ನಡೆಸಲು ಅವರು ನನಗೆ ಒಂದು ಬೆಳಗಿನಲ್ಲಿ ಕಲಿಸಿದರು, ನಿಲ್ಲಿಸಲು ನಾನೇ ದಾರಿಯಲ್ಲಿ ಕಲಿತುಕೊಂಡೆ. ಅದರ ಮೂಗು ಹಿತ್ತಾಳೆಯದು. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ನನ್ನ ಮೀಸೆಯ ಕೂದಲು ಒಂದೊಂದೂ ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಎಂಜಿನ್ನು ಕಾಯದಿರಲೆಂದು ಆ ಮೂಗಿನೊಳಗೇ ನೀರು ತುಂಬಿರುತ್ತದೆ, ಎದುರುಗಾಳಿ ಮೂಗಿಗೆ ಬಡಿದು ಆ ನೀರನ್ನು ತಣ್ಣಗಿಡುತ್ತದೆ. ಈ ಎರಡು ಮಾತನ್ನು ತಾವು ನೆನಪಿಡಬೇಕು. ನಾನು ನೆನಪಿಡದೆ ಹೋದೆ.

ಮೊಳಕಾಲ್ಮುರಿನಲ್ಲಿ ನನ್ನ ಅಕ್ಕ ಈಶ್ವರಮ್ಮ ಇದ್ದಾಳೆ. ಅವಳ ಗಂಡ ರಂಗಯ್ಯ ರೇಷ್ಮೆ ಸೀರೆ ನೇಯುವವನು, ಮಗಳು ಸೂರಮ್ಮ. ಸೂರಮ್ಮನಿಗೆ ನಮ್ಮ ಚಳ್ಳಕೆರೆಯ ಗಂಡು ಗೊತ್ತಾಯಿತು. ನಮ್ಮ ಪೈಕಿ ಮದುವೆ ಗಂಡಿನ ಮನೆಯ ಚಪ್ಪರದಲ್ಲಿ ಆಗತಕ್ಕದ್ದು. ಹೆಣ್ಣನ್ನು ಕರೆತಂದು ಆ ಚಪ್ಪರದಲ್ಲಿ ಇಳಿಸುವ ಹಕ್ಕು ಸೋದರಮಾವನಾದ ನನ್ನದು. ಆ ಹುಡುಗಿ ಮಗ್ಗದ ಗುಂಡಿಯ ಪಕ್ಕದಲ್ಲಿ ಅಂಬೆಗಾಲಿಡುವಾಗಲೇ ನಾನು ಅವಳಿಗೆ, ನಿನ್ನನ್ನು ಯಾರೂ ಕರೆದೊಯ್ಯದ ಹಾಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮೋಟಾರು ಬಂದ ಮೇಲೆ ಆ ಮಾತಿಗೆ ನಾಲ್ಕು ಗಾಲಿ ಬಂದವು. ಮುಹೂರ್ತದ ದಿನ ಬೆಳಿಗ್ಗೆ ಮೊಳಕಾಲ್ಮುರಿನಲ್ಲಿ ಅಂಬಲಿ ಕುಡಿದು ಹೊರಟರೆ, ಅದು ಹೊಟ್ಟೆಯಲ್ಲಿ ಆರುವುದರೊಳಗೆ ಚಳ್ಳಕೆರೆಯ ಚಪ್ಪರದಲ್ಲಿರುತ್ತೇವೆಂದು ಎರಡು ಊರಿನ ಸಂತೆಯಲ್ಲೂ ಸಾರಿದೆ.

ರಂಗಯ್ಯನ ಅಣ್ಣ ಪೆದ್ದಣ್ಣನಿಗೆ ಇದು ಹಿಡಿಸಲಿಲ್ಲ. ಅವನಿಗೊಂದು ಸವಾರಿ ಗಾಡಿ, ಒಂದು ಜೋಡಿ ಎತ್ತು. ಬಲಗಡೆಯದು ಸರ್ಕಾರದ ಹುಲ್ಲುಗಾವಲಾದ ವರವು ಕಾವಲಿನ ಹರಾಜಿನಲ್ಲಿ ಹಿಡಿದು ತಂದ ಅಮೃತಮಹಲ್ ಎತ್ತು. ಅದರ ತೊಡೆಯ ಮೇಲೆ ಸರ್ಕಾರದವರು ಹಾಕಿದ ಬರೆಯ ಗುರುತಿದೆ, ಅದನ್ನು ಪೆದ್ದಣ್ಣ ಬಿರುದಿನ ಹಾಗೆ ಎಲ್ಲರಿಗೂ ತೋರಿಸುತ್ತಾನೆ. ಅವನು ಮದುವೆ ಮಾತಿನ ದಿನ ಹತ್ತು ಜನರ ಮುಂದೆ, "ಲೇ ಜಂಬಾ, ನಿನ್ನ ಗಾಡಿ ಎಣ್ಣೆ ಕುಡಿದು ಹೊಗೆ ಬಿಡ್ತೈತೆ, ನನ್ನ ಎತ್ತು ಹುಲ್ಲು ತಿಂದು ಸಗಣಿ ಹಾಕ್ತಾವೆ. ಇದ್ರಾಗೆ ಯಾವ್ದು ಮರ್ಯಾದಸ್ತ ಅಂತ ನೀನೇ ಹೇಳು," ಎಂದ. ಮೋಟಾರು ಬಾರದೆ ಹೋದರೆ ಹುಡುಗಿ ಅವನ ಗಾಡಿಯಲ್ಲಿ ಬರತಕ್ಕದ್ದು, ಇಳಿಸುವ ಹಕ್ಕೂ ಅವನದೇ ಎಂದು ಹಿರಿಯರು ತೀರ್ಮಾನಿಸಿದರು. ನಾನು ನಕ್ಕು ಒಪ್ಪಿದೆ. ಆಗ ನನಗೆ ತಮ್ಮ ಪರಿಚಯವಿರಲಿಲ್ಲ.

ಆ ವಾರವೇ ಮೋಟಾರು ತಪಾಸಣೆಯ ಸಾಹೇಬರು ನನ್ನನ್ನು ಚಳ್ಳಕೆರೆಯ ಊರಬಾಗಿಲಲ್ಲಿ ಅಡ್ಡಹಾಕಿ, ಹಿಂದೆ ನಂಬರಿದೆ, ಮುಂದೆ ಎಲ್ಲಿ ಎಂದು ಕೇಳಿದರು. "ಸ್ವಾಮಿ, ಓಡೋ ಗಾಡೀನ ಜನ ಹಿಂದ್ಗಡೆಯಿಂದ ನೋಡ್ತಾರೆ. ಮುಂದೆ ನಿಂತು ಓದೋಕೆ ಹೋದೋರು ಉಳೀಬೇಕಲ್ಲ," ಎಂದು ನಾನು ಲೋಕಾನುಭವದ ಮಾತು ಹೇಳಿದೆ. ಅವರು ನಗಲಿಲ್ಲ. ಮದುವೆಯ ದಿನ ಇದೇ ಜಾಗದಲ್ಲಿ ನಿಂತಿರುತ್ತೇನೆ, ಮುಂದೆ ನಂಬರು ಕಾಣದಿದ್ದರೆ ಗಾಡಿ ಚಾವಡಿಗೆ ಹೋಗುತ್ತದೆ, ಮದುವಣಗಿತ್ತಿ ನಡೆದುಕೊಂಡು ಹೋಗುತ್ತಾಳೆ ಎಂದು ಅಪ್ಪಣೆ ಕೊಡಿಸಿದರು.

ಹೀಗೆ ತಮ್ಮ ಅವತಾರವಾಯಿತು. ಡಬ್ಬ ಬಡಿಯುವವನು ತಮ್ಮನ್ನು ಕತ್ತರಿಸಿ, ತಟ್ಟಿ, ಕರಿ ಬಣ್ಣ ಬಳಿದು, ಬಿಳಿ ಅಂಕೆ ಬರೆದು ನನ್ನ ಕೈಗಿಟ್ಟಾಗ, ಈ ಗೇಣಗಲದ ದೇಹಕ್ಕೆ ಕೂರಲು ಒಂದು ಜಾಗ ಹುಡುಕುವುದು ಸೂರಮ್ಮನಿಗೆ ಗಂಡು ಹುಡುಕಿದ್ದಕ್ಕಿಂತ ಕಷ್ಟವೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಮ್ಮಾರ ಬೊಮ್ಮಯ್ಯ, ಮೂಗಿಗೆ ಎರಡು ತೂತು ಹೊಡೆದು ಮೊಳೆ ಬಿಗಿದರೆ ಮುಗಿಯಿತೆಂದು ಉಳಿ ಸುತ್ತಿಗೆ ಹಿಡಿದುಕೊಂಡೇ ಬಂದ. ನೀರು ತುಂಬಿದ ಮೂಗಿಗೆ ತೂತು ಹೊಡೆದರೆ ಮುಂದೇನಾಗುವುದೆಂದು ಅವನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ನನ್ನ ಮೀಸೆ ಕಾಣುವ ಕನ್ನಡಿಗೆ ಉಳಿ ತಾಗಿಸುತ್ತಾನಲ್ಲ ಎಂಬ ಒಂದೇ ಸಂಕಟಕ್ಕೆ ಅಡ್ಡ ಬಿದ್ದು ಅಪ್ಪಿಕೊಂಡೆ. "ಹೆಣ್ಮಕ್ಕಳಿಗೇ ಮೂಗು ಚುಚ್ಚಿಸ್ತೀವಿ, ನಿನ್ನ ಗಾಡಿಗೆ ಏನು ಬಂದೈತೆ," ಎಂದು ಅವನು ಬೈದುಕೊಂಡು ಹೋದ. ನನ್ನ ಜಂಬವು ಆ ದಿನ ಎಂಜಿನ್ನನ್ನು ಉಳಿಸಿತೆಂಬುದನ್ನು ಜಂಬವನ್ನು ಹಳಿಯುವವರು ದಯವಿಟ್ಟು ಗಮನಿಸಬೇಕು.

ದೀಪದ ಕಂಬಕ್ಕೆ ತಮ್ಮನ್ನು ತೊಗಲಿನ ಪಟ್ಟಿಯಲ್ಲಿ ಕಟ್ಟಿದೆವು. ಒಂದು ದೀಪ ಮುಚ್ಚಿಹೋಗಿ ಮೋಟಾರಿಗೆ ಕಣ್ಣುಬೇನೆ ಬಂದಂತೆ ಕಂಡಿತು, ಬಿಚ್ಚಿದೆವು. ಆಮೇಲೆ ನಾನೇ ಒಂದು ಉಪಾಯ ತೆಗೆದೆ. ಎಂಜಿನ್ನನ್ನು ಎಬ್ಬಿಸಲು ಮೂಗಿನ ಕೆಳಗೆ ಕೈಯಿಂದ ತಿರುಗಿಸುವ ಒಂದು ಹಿಡಿಕೆ ಇದೆಯಲ್ಲ, ಹೇಗೂ ಮುಂದಕ್ಕೆ ಚಾಚಿಕೊಂಡಿದೆ, ಹೇಗೂ ನಟ್ಟನಡುವೆ ಇದೆ, ತಮ್ಮನ್ನು ಅದಕ್ಕೇ ತಗುಲಿಸಿದೆ. ನೆರೆದ ಜನರೆಲ್ಲ ತಲೆದೂಗಿದರು. ನಾನು ಹಿಡಿಕೆ ತಿರುಗಿಸಿದೆ, ಎಂಜಿನ್ನು ಎದ್ದು ಹಿಂದಕ್ಕೆ ಒದೆಯಿತು, ತಾವು ಒಂದು ಸುತ್ತು ತಿರುಗಿ, ಗೋಡೆ ದಾಟಿ, ಪಕ್ಕದ ಮನೆ ಕ್ಯಾತಮ್ಮ ಒಣಹಾಕಿದ್ದ ಸಂಡಿಗೆಯ ಮಧ್ಯದಲ್ಲಿ ದಯಮಾಡಿಸಿದಿರಿ. ಕ್ಯಾತಮ್ಮ ಗೋಡೆಯ ಮೇಲೆ ತಲೆ ಎತ್ತಿ, "ಜಂಬಣ್ಣ, ನಿನ್ನ ಗಾಡಿ ಮಗ್ಗಿ ಒಪ್ಪಿಸ್ತೈತೇನು, ನನ್ನ ಸಂಡಿಗೆ ಮ್ಯಾಲೆ ಲೆಕ್ಕ ಬಂದು ಬಿದ್ದೈತೆ," ಎಂದಳು. ತಮ್ಮ ಹಾರಾಟದ ಸೊಗಸನ್ನು ಆ ದಿನ ಹೊಗಳಲು ಮರೆತೆ, ಈಗ ಹೊಗಳುತ್ತಿದ್ದೇನೆ.

ಮದುವೆಯ ಹಿಂದಿನ ದಿನ ತಮ್ಮನ್ನು ಪಕ್ಕದ ಆಸನದಲ್ಲಿ ಕೂರಿಸಿಕೊಂಡು ಮೊಳಕಾಲ್ಮುರಿಗೆ ಹೋದೆ. ಹೆಣ್ಣಿನ ಅಪ್ಪ ಅಮ್ಮ, ನೆಂಟರು, ಪೆಟ್ಟಿಗೆಗಳು, ಎಲ್ಲರೂ ಎಲ್ಲವೂ ಸಂಜೆಗೇ ಪೆದ್ದಣ್ಣನ ಗಾಡಿಯಲ್ಲಿ ಹೊರಡುವುದೆಂದಿತ್ತು. ಹೊರಡುವ ಮುಂಚೆ ರಂಗಯ್ಯ ರೇಷ್ಮೆ ಹುರಿಯನ್ನು ತಂದು, ಮಗ್ಗದ ಹಾಸಿನ ಎಳೆಗಳಿಗೆ ಗಂಟು ಹಾಕುವ ಆ ಕೈಯಿಂದ, ತಮ್ಮನ್ನು ಹಿತ್ತಾಳೆ ಮೂಗಿನ ಮೇಲೆ ಅಡ್ಡಡ್ಡ ಉದ್ದುದ್ದ ಬಿಗಿದು ಕಟ್ಟಿದ. ತೂತಿಲ್ಲ, ಮೊಳೆಯಿಲ್ಲ, ಅಲುಗಾಟವಿಲ್ಲ. ರೇಷ್ಮೆಯಲ್ಲಿ ನಂಬರು ಕಟ್ಟಿದ ಮೋಟಾರು ವಿಲಾಯಿತಿಯಲ್ಲೂ ಇರಲಾರದೆಂದು ನಾನು ಹೇಳಿದ್ದಕ್ಕೆ ಪೆದ್ದಣ್ಣ ನೊಗ ಏರಿಸುತ್ತ, "ಮೂಗಿಗೆ ಬಟ್ಟೆ ಕಟ್ಟಿದ ಹಂಗೈತೆ. ಉಸಿರಾಡ್ತೈತೇನೋ ನೋಡ್ಕೊ," ಎಂದ. ಅಸೂಯೆಯ ಮಾತೆಂದು ಬಿಟ್ಟುಬಿಟ್ಟೆ.

ಬೆಳಿಗ್ಗೆ ಸೂರಮ್ಮ ಕೆಂಪು ಸೀರೆಯುಟ್ಟು, ಬಾಸಿಂಗದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಸಿಗುವ ಹಾನಗಲ್ಲು ದಾಟುವವರೆಗೆ ಮೋಟಾರು ಗಾಳಿಯಂತೆ ಹೋಯಿತು. ಆದರೆ ಆ ಗಾಳಿಗೆ ಒಳಗೆ ಬರಲು ತಾವು ಬಿಡಲಿಲ್ಲ. ಮೂಗಿನ ನಡುಮಧ್ಯದಲ್ಲಿ ಪಟ್ಟಕ್ಕೆ ಕೂತ ದೊರೆಯಂತೆ ಅಡ್ಡ ಕೂತಿರಿ. ತಳಕಿನ ಹತ್ತಿರ ಮೂಗಿನ ಮುಚ್ಚಳ ಹಾರಿ, ಬಿಸಿನೀರು ಬುಗ್ಗೆ ಎದ್ದು, ಎಂಜಿನ್ನು ಮುದುಕನ ಹಾಗೆ ಕೆಮ್ಮಿ ನಿಂತುಬಿಟ್ಟಿತು. ರಂಗಯ್ಯನ ಗಂಟು ಬಿಚ್ಚಲು ಬಾರದೆ, ಸೂರಮ್ಮ ಬುಟ್ಟಿಯಲ್ಲಿದ್ದ ಕತ್ತರಿಯಿಂದ ಹುರಿ ಕತ್ತರಿಸಿ, ತಮ್ಮನ್ನು ಇಳಿಸಿ, ಮತ್ತೆ ಬಂದು ಆಸನದಲ್ಲಿ ಕೂತಳು. ಎಷ್ಟು ನೀರು ಹೊಯ್ದರೂ ಎಂಜಿನ್ನು ಏಳಲಿಲ್ಲ.

ಅಲ್ಲೇ ಒಂದು ಮರದ ನೆರಳಿನಲ್ಲಿ, ರಾತ್ರಿಯೆಲ್ಲ ನಡೆದ ಎತ್ತುಗಳಿಗೆ ನೀರು ಕುಡಿಸಿಕೊಂಡು, ಪೆದ್ದಣ್ಣ ಕೂತಿದ್ದ. ಅವನು ಎದ್ದು ಬಂದು ಸೂರಮ್ಮನಿಗೆ ಗಾಡಿಯ ಕಡೆ ಕೈ ತೋರಿಸಿದ. ನಾನು ಹಾರಿಹೋದ ಮುಚ್ಚಳವನ್ನು ಹುಡುಕಿ ತಂದು ಅಂಗವಸ್ತ್ರದಲ್ಲಿ ಒರೆಸತೊಡಗಿದೆ. ಹುಡುಗಿ ನನ್ನ ಮುಖ ನೋಡಿದಳು, ಆಸನ ಬಿಟ್ಟು ಅಲುಗಲಿಲ್ಲ. "ದೊಡ್ಡಪ್ಪ, ಮಾವ ಕರ್ಕೊಂಡು ಹೋಗ್ತೀನಿ ಅಂದೈತೆ. ನಾನು ಇದ್ರಾಗೇ ಬರ್ತೀನಿ. ಇದು ಹೋಗಾಕಿಲ್ಲ ಅಂದ್ರೆ ನೀನು ಎಳ್ಸು," ಎಂದಳು.

ಪೆದ್ದಣ್ಣ ರುಮಾಲು ಬಿಗಿದುಕೊಂಡ. ಆಮೇಲೆ ನೆಂಟರನ್ನೆಲ್ಲ ಗಾಡಿಯಿಂದಿಳಿಸಿ ಅಲ್ಲಿ ಸಿಕ್ಕ ಬೇರೆ ಗಾಡಿಗೆ ಹತ್ತಿಸಿ, ತನ್ನ ಎತ್ತುಗಳನ್ನು ಮೋಟಾರಿಗೆ ಕಟ್ಟಿದ. ಈಗ ತಮ್ಮ ಪ್ರಶ್ನೆ ಮತ್ತೆ ಎದ್ದಿತು. ಮೂಗಿಗೆ ಕಟ್ಟಿದರೆ ಎತ್ತುಗಳ ಹಿಂಭಾಗ ಅಡ್ಡ ಬಂದು ತಾವು ಯಾರಿಗೂ ಕಾಣುವುದಿಲ್ಲ, ಊರಬಾಗಿಲಲ್ಲಿ ಸಾಹೇಬರು ನಿಂತಿದ್ದಾರೆ. "ಮಾವ, ಮುಂದೆ ಅಂದ್ರೆ ಈಗ ಎತ್ತೇ ಅಲ್ವಾ ಮುಂದೆ ಇರೋದು," ಎಂದು ಸೂರಮ್ಮ ಕೆಳಗಿಳಿದು, ಅದೇ ರೇಷ್ಮೆ ಹುರಿಯ ತುಂಡಿನಿಂದ ತಮ್ಮನ್ನು ಬಲಗಡೆ ಎತ್ತಿನ ಕೊಂಬುಗಳ ನಡುವೆ ಕಟ್ಟಿದಳು. ಎತ್ತು ಒಂದು ಸಲ ತಲೆ ಒದರಿತು. ಆಮೇಲೆ ಕತ್ತು ನೆಟ್ಟಗೆ ಮಾಡಿ ನಿಂತ ನಿಲುವಿದೆಯಲ್ಲ, ಅದನ್ನು ನೋಡಿದಾಗಲೇ ನನಗೆ ತಮ್ಮ ಮನಸ್ಸು ತಿಳಿಯಬೇಕಾಗಿತ್ತು. ಮೋಟಾರಿಗೆ ಇಂಗ್ಲಿಷು ಬರುತ್ತದೆ, ನನಗೆ ಕನ್ನಡ, ಆ ಎತ್ತಿಗೆ ತೆಲುಗು ಮಾತ್ರ. ಪೆದ್ದಣ್ಣ "ಪದ ನಾಯನಾ, ಪದ," ಅಂದರೆ ನಡಿಯಪ್ಪಾ ನಡಿ, ಎಂದ, ಎಲ್ಲರೂ ಹೊರಟೆವು.

ಊರಬಾಗಿಲಲ್ಲಿ ಸಾಹೇಬರು ಕೈ ಅಡ್ಡ ಹಿಡಿದರು. ಎತ್ತಿನ ಹಣೆ ನೋಡಿದರು, ಓದಿಕೊಂಡರು. ಎತ್ತಿನ ತೊಡೆ ನೋಡಿದರು, ಸರ್ಕಾರದ ಬರೆ ಕಂಡು ಅವರಿಗೆ ತಿಳಿಯದೆಯೇ ಕೈ ಟೋಪಿಯ ಹತ್ತಿರ ಹೋಯಿತು. ಮೋಟಾರಿನ ಹಿಂದೆ ಹೋಗಿ ಅಲ್ಲಿನ ನಂಬರನ್ನು ತಾಳೆ ನೋಡಿದರು. ಚಪ್ಪರದ ಕಡೆಯಿಂದ ಓಲಗ ಕೇಳುತ್ತಿತ್ತು. ಸೂರಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕೊನೆಗೆ ಸಾಹೇಬರು, "ಮುಂದಿನ ನಂಬರನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಗಾಡಿಯನ್ನು ನಾನು ಇದುವರೆಗೆ ಕಂಡಿಲ್ಲ. ಹೋಗಬಹುದು," ಎಂದರು. ಗೋಧೂಳಿಯ ಮುಹೂರ್ತ ಮೀರಲಿಲ್ಲ. ನಾನು ಸೂರಮ್ಮನನ್ನು ಎತ್ತಿ ಚಪ್ಪರದಲ್ಲಿ ಇಳಿಸಿದೆ. ಬೀಗರು ಮೋಟಾರಿನ ಬಲ ಎಷ್ಟೆಂದು ಕೇಳಿದ್ದಕ್ಕೆ, ಬೇರೆಯವರದಕ್ಕೆಲ್ಲ ಕುದುರೆಯ ಬಲ, ನನ್ನದಕ್ಕೆ ಅಮೃತಮಹಲಿನ ಬಲ ಎಂದು ಹೇಳಿ ಮೀಸೆ ತಿರುವಿದೆ.

ಇಲ್ಲಿಯವರೆಗೆ ತಮ್ಮ ಮೇಲೆ ನನಗೆ ದೂರಿಲ್ಲ. ದೂರಿರುವುದು ಆಮೇಲಿನದು. ಮದುವೆ ಮುಗಿದು ಎತ್ತುಗಳು ಮೊಳಕಾಲ್ಮುರಿಗೆ ಹೊರಟಾಗ ತಾವು ನನ್ನ ಕಡೆ ತಿರುಗಿಯೂ ನೋಡದೆ ಹಣೆಯ ಮೇಲೇ ಹೊರಟುಹೋದಿರಿ. ಬಿಚ್ಚಿ ಕಳಿಸೆಂದು ಹೇಳಿಕಳಿಸಿದರೆ, ಬಿಚ್ಚಹೋದವರನ್ನು ಎತ್ತು ಹಾಯುತ್ತದೆ, ತಾವಿಲ್ಲದೆ ನೊಗಕ್ಕೆ ಹೆಗಲು ಕೊಡುವುದಿಲ್ಲ ಎಂದು ಪೆದ್ದಣ್ಣ ಉತ್ತರ ಕಳಿಸಿದ್ದಾನೆ. ಇತ್ತ ಎಂಜಿನ್ನು ಈಗ ಗುಣವಾಗಿದೆ, ಮೋಟಾರು ಮಾತ್ರ ಖಾಲಿ ಮೂಗು ಹೊತ್ತು ಮನೆಯಲ್ಲಿ ನಿಂತಿದೆ. ಹೊಸ ತಗಡು ಮಾಡಿಸಬಹುದಲ್ಲ ಎನ್ನುವವರಿಗೆ, ಅದನ್ನು ಕಟ್ಟುವ ಜಾಗ ತೋರಿಸಿ ಎನ್ನುತ್ತೇನೆ. ಆಗ ಎಲ್ಲರೂ ಮೊಳಕಾಲ್ಮುರಿನ ಕಡೆಗೇ ಬೆರಳು ತೋರಿಸುತ್ತಾರೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಎತ್ತಿನ ಕಿವಿಗೆ ತಾವೇ ಹತ್ತಿರವಿರುವುದರಿಂದ, ಅದಕ್ಕೆ ತೆಲುಗಿನಲ್ಲಿ ಒಳ್ಳೆಯ ಮಾತು ಹೇಳಿ ಬಿಡುಗಡೆ ಪಡೆದುಕೊಂಡು ಬರಬೇಕು. ಅದು ಆಗದಿದ್ದರೆ ಎತ್ತನ್ನೂ ಜೊತೆಗೆ ಕರೆತಂದು ನನ್ನ ಮೋಟಾರಿನ ಮುಂದೆ ಕಾಯಂ ಆಗಿ ನಿಲ್ಲಬೇಕು. ಹುಲ್ಲು, ಹಿಂಡಿ, ವರ್ಷಕ್ಕೊಮ್ಮೆ ಕರಿ ಬಣ್ಣ, ಮೂರೂ ನನ್ನ ಖರ್ಚು. ಅದೂ ಆಗದಿದ್ದರೆ, ಸೂರಮ್ಮನಿಗೆ ಮಗಳು ಹುಟ್ಟಿ ಅವಳ ಮದುವೆಯ ಹೊತ್ತಿಗಾದರೂ ಒಂದು ದಿನದ ಮಟ್ಟಿಗೆ ಎರವಲು ಸಿಗಬೇಕು. ಆ ಮಗುವಿಗೂ ನಾನು ಮಾತು ಕೊಡುವವನೇ.

ಮುಂದೆ ಬರಿಮೂಗಿನ ಮೋಟಾರನ್ನೂ ಹಿಂದೆ ನಗುವ ಜನರನ್ನೂ ಇಟ್ಟುಕೊಂಡು ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಜಂಬುಲಿಂಗಪ್ಪ

ತಾ.ಕ.: ತಾವು ಅಲ್ಲಿ ಮೆರೆಯುವುದನ್ನು ಕಂಡು ಮೊಳಕಾಲ್ಮುರಿನ ಹೆಂಗಸರು ತಗಡಿನ ಮೇಲಿನ ಅಂಕೆಗಳನ್ನೇ ಸೀರೆಯ ಅಂಚಿಗೆ ಹಾಕಿಕೊಡೆಂದು ರಂಗಯ್ಯನನ್ನು ಪೀಡಿಸುತ್ತಿದ್ದಾರೆ. ಮೊದಲನೆಯದು ನನ್ನ ಅಂಗಡಿಯಿಂದಲೇ ಹೋಯಿತು, ಒಯ್ದವರು ತಪಾಸಣೆ ಸಾಹೇಬರ ಮನೆಯವರು. ಆ ತಾಯಿ ಅದನ್ನುಟ್ಟು ಪೇಟೆಯಲ್ಲಿ ನಡೆದು ಹೋಗುವಾಗ ನಂಬರು ಮುಂದೆ ನೆರಿಗೆಯಲ್ಲೂ ಹಿಂದೆ ಸೆರಗಿನಲ್ಲೂ ಕಾನೂನಿನಂತೆ ಸ್ಪಷ್ಟವಾಗಿ ಕಾಣುತ್ತದೆ, ತೂತಿಲ್ಲ, ಮೊಳೆಯಿಲ್ಲ. ಸಾಹೇಬರು ಮಾತ್ರ ಈಚೆಗೆ ನನ್ನ ಅಂಗಡಿಯ ಮುಂದೆ ಬಂದಾಗ ತಲೆ ತಗ್ಗಿಸಿಕೊಂಡು, ಸ್ವಲ್ಪ ವೇಗವಾಗಿಯೇ ಹೋಗುತ್ತಾರೆ.