ಹಲ್ಲು ನೋಡಿ ಕೊಂಡ ಕಾರು

ನಮ್ಮ ಸೋದರಮಾವ ಕಾರು ಕೊಳ್ಳುವ ಮುಂಚೆ ಅದರ ಹಲ್ಲು ನೋಡಲು ಹೊರಟಿದ್ದರು ಎಂದರೆ ನೀವು ನಗುತ್ತೀರಿ. ನಗಿ, ನನ್ನ ಅಭ್ಯಂತರವೇನಿಲ್ಲ! ಹೊಳೆನರಸೀಪುರದಿಂದ ಹಾಸನದವರೆಗೆ ಅರ್ಧ ಜನ ಆಗಲೇ ನಕ್ಕು ಮುಗಿಸಿದ್ದಾರೆ. ಆದರೆ ಹುಟ್ಟಿದಾಗಿನಿಂದ ಎತ್ತಿನ ಬಾಲ ಹಿಡಿದೇ ಬೆಳೆದ ಮನುಷ್ಯ, ಕೊಳ್ಳುವ ಪದಾರ್ಥ ಎತ್ತಾದರೇನು ಕಾರಾದರೇನು, ಬಾಯಿ ತೆರೆಸಿ ಹಲ್ಲಿನ ಲೆಕ್ಕದಿಂದ ವಯಸ್ಸು ತಿಳಿಯದೆ ಕಾಸು ಬಿಚ್ಚುತ್ತಾನೆಯೇ? ನೀವೇ ಹೇಳಿ.

ಇದು ಐವತ್ತರ ದಶಕ ಕಳೆದು ಅರವತ್ತು ಕಾಲಿಡುತ್ತಿದ್ದಾಗಿನ ಮಾತು. ನಾನು ಆಗ ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಮೇಡಂ ಆಗಿ, ಊಟ ವಸತಿಗೆ ಮಾವನ ಮನೆ ಸೇರಿಕೊಂಡಿದ್ದೆ. ತುಂಬಿದ ಮನೆ. ಹಜಾರದ ಕಂಬಕ್ಕೆ ಒರಗಿ ಅಜ್ಜಿ, ಎಂದರೆ ಮಾವನ ತಾಯಿ, ಬೆಳಗಿನಿಂದ ಸಂಜೆಯವರೆಗೂ ಎಲೆಯಡಿಕೆ ಜಗಿಯುತ್ತಾ ಕೂತಿರುತ್ತಿದ್ದರು. ಹಿರಿಯರ ಎದುರಿಗೆ ಗಂಡಹೆಂಡತಿ ಮುಖಾಮುಖಿ ಮಾತಾಡುವುದು ಆ ಮನೆಯ ಪದ್ಧತಿಯಲ್ಲ. ಅಜ್ಜಿಯೋ ಹಜಾರ ಬಿಟ್ಟು ಏಳುವವರಲ್ಲ! ಹೀಗಾಗಿ ಮಾವ ಮತ್ತು ಅತ್ತೆಯ ಸಂಸಾರವೆಲ್ಲ ಮೂರನೆಯವರ ಮೂಲಕ ನಡೆಯಬೇಕಾಗಿತ್ತು. ನಾನು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಮಾವ ಊಟದ ಮಣೆಯ ಮೇಲೆ ಕೂತು, "ಅಮ್ಮಣ್ಣಿ, ನಿಮ್ಮತ್ತೆಗೇಳು, ಸಾರಿಗೆ ಉಪ್ಪು ಜಾಸ್ತಿ ಆಗೈತೆ" ಎನ್ನುತ್ತಿದ್ದರು.

ಎರಡು ಮಾರು ದೂರದಲ್ಲಿ, ಅಡಿಗೆಮನೆಯ ಬಾಗಿಲ ಹಿಂದಿನಿಂದ ಅತ್ತೆ: "ಅಮ್ಮಣ್ಣಿ, ನಿಮ್ಮ ಮಾವಂಗೇಳು, ನೆನ್ನೆ ಸಪ್ಪೆ ಅಂದಿದ್ರಲ್ಲ, ಅದುಕ್ಕೇಯ."

ನಾನು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ನಡುವೆ ಕೂತಿದ್ದರೆ ಸಾಕು, ಮಾತು ತಾನಾಗಿ ಹೋಗಿ ತಾನಾಗಿ ಬರುತ್ತಿತ್ತು. ನಾನು ಊರಿಗೆ ಹೋದ ದಿನ ಅವರ ಕಷ್ಟ ಏನೋ, ಬೆಕ್ಕಿಗೆ ಹೇಳಿ ಮಾತಾಡುತ್ತಿದ್ದರೋ ಏನೋ!

ಕಾರಿನ ಯೋಚನೆ ಹುಟ್ಟಿದ್ದು ಒಂದು ಎತ್ತು ಸತ್ತದ್ದರಿಂದ. ಅತ್ತೆಯ ತವರು ಅರಕಲಗೂಡಿನ ಪಕ್ಕದ ಹಳ್ಳಿ. ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಮಾವ ಕಮಾನುಗಾಡಿ ಕಟ್ಟಿ, ತಾವೇ ಹಗ್ಗ ಹಿಡಿದು ಅತ್ತೆಯನ್ನು ಕರೆದೊಯ್ಯುತ್ತಿದ್ದರು. ಬೆಳಿಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ತಲುಪುವುದು. ಜೋಡಿಯಲ್ಲಿ ಬಲಗಡೆಯ ಎತ್ತು ಹೊಟ್ಟೆ ಉಬ್ಬರಿಸಿ ಸತ್ತ ಮೇಲೆ ಆ ಪ್ರಯಾಣ ನಿಂತಿತು. ಮಾವನ ಮನಸ್ಸಿಗೆ ಒಪ್ಪುವ ಇನ್ನೊಂದು ಎತ್ತು ಸಿಗಬೇಕಲ್ಲ! ಮೈಮೇಲಿನ ಸುಳಿ ಸರಿಯಿದ್ದರೆ ನಡಿಗೆ ಸೊಟ್ಟ, ನಡಿಗೆ ನೆಟ್ಟಗಿದ್ದರೆ ಬಣ್ಣ ಹೊಂದದು. ಬಸ್ಸಿಗೆ ಹೋಗೋಣವೆಂದರೆ ಅತ್ತೆಗೆ ಬಸ್ಸಿನ ಹೊಗೆ ಕಂಡರೇ ಹೊಟ್ಟೆ ತೊಳೆಸುತ್ತಿತ್ತು. ಒಮ್ಮೆ ಹತ್ತಿಸಿ ನೋಡಿದ್ದಾಯಿತು. ಊರ ಬಾಗಿಲು ದಾಟುವ ಮೊದಲೇ ಇಳಿದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಡೆದೇ ಮನೆಗೆ ಬಂದರು.

ಎರಡು ಗೌರಿಹಬ್ಬ ಹಾಗೇ ಕಳೆದವು. ತವರಿನಿಂದ ಬಾಗಿನ ಹಿಡಿದು ಬಂದ ಅತ್ತೆಯ ತಮ್ಮ, "ಅವ್ವಂಗೆ ಕಣ್ಣು ಪೂರ್ತಿ ಮಂಜಾಗವೆ ಕಣಕ್ಕ. ನಿನ್ ಮಕ ಮುಟ್ಟಿ ನೋಡ್ಬೇಕು ಅಂತ ಒಂದೇ ಸಮ ಅಂತಾಳೆ" ಎಂದು ಹೇಳಿಹೋದ. ಆ ದಿನ ಅತ್ತೆ ಒಲೆಯ ಮುಂದೆ ಕೂತು ಅತ್ತರು. ಹೊಗೆ ಎಂದು ಸುಳ್ಳನ್ನೂ ಹೇಳಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಇನ್ನೊಂದು ಮಾತು ಹೇಳಿದರು: "ಗಾಡೀಲಿ ಓಗೋವಾಗ ಅವ್ರು ಮುಂದೆ ಬೆನ್ನಾಕ್ಕಂಡು ಕೂತಿರೋರು. ಆದ್ರೆ ದಾರಿಯುದ್ದಕ್ಕೂ ಮಾತಾಡೋರು ಕಣವ್ವ. ಯಾರ್ ಕೈಲೂ ಏಳಿಸ್ದಂಗೆ. ವರ್ಸಕ್ಕೊಂದು ದಿನ ಅದು."

ಈ ಸಂಗತಿ ಮಾವನಿಗೆ ತಿಳಿದಿತ್ತೋ ಇಲ್ಲವೋ ನಾನರಿಯೆ. ಅಂತೂ ಮುಂದಿನ ಗೌರಿಗೆ ಹೆಂಡತಿಯನ್ನು ತವರಿಗೆ ಮುಟ್ಟಿಸಲೇಬೇಕೆಂದು ಅವರು ಪಟ್ಟು ಹಿಡಿದರು. ಹಾಸನದಲ್ಲಿ ನಿವೃತ್ತರಾದ ಡಾಕ್ಟರೊಬ್ಬರು ತಮ್ಮ ಹಳೆಯ ಕಪ್ಪು ಕಾರನ್ನು ಮಾರುತ್ತಾರೆಂದು ಕೇಳಿ, ಇಂಗ್ಲಿಷ್ ಬಲ್ಲವಳೆಂದು ನನ್ನನ್ನೂ ಎಳೆದುಕೊಂಡು ಹೊರಟರು. ಹೊಸ ಕಾರನ್ನೇ ಕೊಳ್ಳಬಹುದಲ್ಲ ಎಂದೆ. "ಪಳಗದ ಓರಿ ಕಟ್ಟಿರೋ ಗಾಡೀಲಿ ಎಂಗಸ್ರನ್ನ ಕೂರಿಸ್ತಾರೇನವ್ವ? ಹಳೇದೇ ಸರಿ" ಎಂದರು.

ಡಾಕ್ಟರ ಮನೆಯ ಅಂಗಳದಲ್ಲಿ ಕಾರು ನಿಂತಿತ್ತು. ಮಾವ ಅದನ್ನು ಬಲಗಡೆಯಿಂದ ಒಂದು ಸುತ್ತು, ಎಡಗಡೆಯಿಂದ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಅಂಗೈಯಿಂದ ತಟ್ಟಿ, ಚರ್ಮ ನಡುಗುತ್ತದೋ ಎಂಬಂತೆ ಕಾದರು. ಆಮೇಲೆ ಗಂಭೀರವಾಗಿ, "ಡಾಕ್ಟ್ರೇ, ಎಷ್ಟು ಹಲ್ಲು?" ಎಂದರು.

ಡಾಕ್ಟರು ತಮ್ಮ ಬಾಯಿಯನ್ನೇ ಮುಟ್ಟಿ ನೋಡಿಕೊಂಡು, "ಕಟ್ಟಿಸಿದ ಹಲ್ಲು ಸೇರಿಸಿಯೋ ಬಿಟ್ಟೋ?" ಎಂದರು.

ಅಷ್ಟಕ್ಕೇ ಮುಗಿಯಿತೇ? ಗಾಡಿ ಚಾಲೂ ಮಾಡಿಸಿ, ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಹೊಗೆಕೊಳವೆಗೆ ಮೂಗು ಹಿಡಿದರು. ಸಗಣಿ ನೋಡದೆ ದನ ಕೊಳ್ಳುವವನು ದಡ್ಡನಂತೆ! ಕೆಮ್ಮುತ್ತಾ ಎದ್ದು ಬಂದು, "ಹೊಗೆ ಕರ್ರಗೈತೆ. ಇದುಕ್ಕೆ ತಿಂದಿದ್ದು ಅರಗ್ತಾ ಇಲ್ಲ" ಎಂದು ತೀರ್ಪು ಕೊಟ್ಟರು. ಡಾಕ್ಟರು ತಲೆದೂಗಿದರು. ಅವರ ವೃತ್ತಿಯಲ್ಲಿ ಇದಕ್ಕಿಂತ ಕಡಿಮೆ ನೋಡಿ ಔಷಧಿ ಬರೆದುಕೊಟ್ಟ ದಿನಗಳಿದ್ದವೇನೋ.

ನಿಜವಾದ ತೊಡಕು ಬಂದದ್ದು ಚನ್ನರಾಯಪಟ್ಟಣದಲ್ಲಿ. ಅಲ್ಲಿ ಮಾವನಿಗೆ ಪರಿಚಯದ ಮೋಟಾರು ಮೇಸ್ತ್ರಿಯೊಬ್ಬನಿದ್ದ. ಡಾಕ್ಟರ ಕಾರನ್ನು ಅವನಿಗೆ ತೋರಿಸಿ ಬಂದರೆ ಮನಸ್ಸಿಗೆ ಸಮಾಧಾನ ಎಂದು ಡ್ರೈವರನ್ನು ಹಿಡಿದು ಅಲ್ಲಿಗೂ ಹೋದೆವು. ಮೇಸ್ತ್ರಿ ಕಾರಿನಡಿ ತೂರಿ ಹೊರಬಂದು, "ಇಂಜಿನ್ನು ಚೆನ್ನಾಗೈತೆ ಗೌಡ್ರೆ. ಹೊಗೆದೇನು, ಒಂದ್ಸಲ ತೊಳೆದ್ರೆ ಸರಿಯಾಯ್ತದೆ. ಹಿಂದಿನ್ ಚಕ್ರಕ್ಕೆ ಓಗೋ ರಾಡೂ ಗಟ್ಟಿಯಾಗೈತೆ" ಎಂದ.

"ಹಿಂದಿನ್ ಚಕ್ರಕ್ಕಾ? ಇಂಜಿನ್ನಿರೋದು ಮುಂದಲ್ವೇನ್ಲಾ?"

"ಇಂಜಿನ್ನು ಮುಂದೆ, ತಿರುಗಾದು ಹಿಂದಿನ್ ಚಕ್ರ. ಅದು ತಳ್ತದೆ, ಮುಂದಿನ್ ಚಕ್ರ ಸುಮ್ನೆ ಉಳ್ಳಿಕೊಂಡು ಓಯ್ತದೆ."

ಮಾವನ ಮುಖ ಬಿಳಿಚಿಕೊಂಡಿತು. "ಅಂದ್ರೆ ಎತ್ತು ಮುಂದೆ ಕಟ್ಟಿ, ಗಾಡೀನ ಹಿಂದ್ಲಿಂದ ತಳ್ಳಾದಾ? ಇದ್ಯಾವ ನ್ಯಾಯ್ವಲಾ?"

ಊರಿಗೆ ಬಂದವರೇ ಇದನ್ನು ಪರೀಕ್ಷಿಸಲು ನಿಂತರು. ಖಾಲಿ ಕಮಾನುಗಾಡಿಯನ್ನು ಬೀದಿಗೆ ತಂದು, ನೊಗ ಕಟ್ಟುವ ಮುಂದಿನ ಮರ, ಆ ಮೂಕಿ ಹಿಡಿಯಲು ಒಬ್ಬ ಆಳನ್ನು ನಿಲ್ಲಿಸಿ, ತಾವು ಹಿಂದಿನಿಂದ ನೂಕಿದರು. ಗಾಡಿ ನಾಲ್ಕು ಹೆಜ್ಜೆ ನೆಟ್ಟಗೆ ಹೋಗಿ, ಮೂಕಿ ಹಿಡಿದವನನ್ನೇ ಎಳೆದುಕೊಂಡು ಸೊಟ್ಟ ತಿರುಗಿ, ಎದುರುಮನೆಯವರು ಜಗಲಿಯ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಹತ್ತಿತು. ಎದುರುಮನೆಯಾಕೆಯ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮಾವ ಮಾತ್ರ, "ನೋಡ್ದಾ ಅಮ್ಮಣ್ಣಿ? ಹಿಂದ್ಲಿಂದ ತಳ್ಳಿದ್ದು ದಾರಿ ತಪ್ತದೆ" ಎಂದು ತಲೆಯಾಡಿಸಿದರು.

ಅಲ್ಲಿಂದ ಶುರುವಾಯಿತು ನೋಡಿ, ಕೊಳ್ಳಬೇಕೋ ಬೇಡವೋ ಎಂಬ ಧ್ಯಾನ. ಊಟ ಮಾಡುವಾಗ ತುತ್ತು ಹಿಡಿದವರು ಹಾಗೇ ಕೂತುಬಿಡುತ್ತಿದ್ದರು. ದನದ ಡಾಕ್ಟರನ್ನು ಕೇಳಿದರು. ಜೋಯಿಸರನ್ನು ಕೇಳಿದರು. ಕ್ಷೌರ ಮಾಡುವವನನ್ನು, ಅವನ ಕತ್ತಿ ಗಂಟಲ ಮೇಲಿರುವಾಗಲೇ ಕೇಳಿದರು. ಮನುಷ್ಯ ತೀರ್ಮಾನ ಮಾಡಲಾರದೆ ಹೋದಾಗ ಊರನ್ನೆಲ್ಲ ಕೇಳುತ್ತಾನೆ. ಯಾರ ಮಾತಿನಿಂದ ತೀರ್ಮಾನ ಆಗಿಬಿಡುತ್ತದೋ ಅವರೊಬ್ಬರನ್ನು ಮಾತ್ರ ಬಿಟ್ಟು! ಆಷಾಢ ಕಳೆದು ಶ್ರಾವಣ ಬಂತು, ಗೌರಿ ಬಾಗಿಲಲ್ಲಿ ನಿಂತಳು. ನನಗೆ ತಡೆಯಲಾಗಲಿಲ್ಲ.

"ಮಾವ, ಎಲ್ಲರನ್ನೂ ಕೇಳಿದ್ರಿ. ಅತ್ತೇನ ಕೇಳಿದ್ರಾ?"

ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಅವಳ್ನ ಎಂಗವ್ವ ಕೇಳಾದು? ಅವ್ವ ಹಜಾರ್ದಾಗೆ ಕೂತವ್ಳೆ!"

ಆದರೂ ಆ ದಿನ ಊಟಕ್ಕೆ ಕೂತಾಗ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಅಮ್ಮಣ್ಣಿ, ನಿಮ್ಮತ್ತೇನ ಕೇಳು. ಮುಂದೆ ಇಂಜಿನ್ನಿಟ್ಕಂಡು ಹಿಂದ್ಲಿಂದ ತಳ್ಳೋ ಗಾಡಿಯಂತೆ. ಕೂತ್ಕತಾಳಂತಾ?"

ಬಾಗಿಲ ಹಿಂದೆ ಸೌಟು ಕೆಳಗಿಟ್ಟ ಸದ್ದಾಯಿತು. ಆಮೇಲೆ ಉತ್ತರ ಬಂತು: "ಅಮ್ಮಣ್ಣಿ, ನಿಮ್ಮ ಮಾವಂಗೇಳು. ಈ ಮನೆ ನಡೀತಿರಾದು ಅಂಗೇ ಅಲ್ವಂತಾ? ಮುಂದ್ಗಡೆ ಮೀಸೆ ಇರ್ತದೆ, ತಳ್ಳೋರೆಲ್ಲಾ ಹಿಂದ್ಗಡೆ ಇರ್ತೀವಿ. ಇಷ್ಟು ವರ್ಸ ದಾರಿ ತಪ್ಪೈತಾ?"

ಮೊದಲು ನಕ್ಕವರು ಅಜ್ಜಿ! ಬಾಯಲ್ಲಿದ್ದ ಎಲೆಯಡಿಕೆ ಸೆರಗಿಗೆ ಸಿಡಿಯುವಷ್ಟು ನಕ್ಕರು. "ತಗಳ್ಳಾ ಅತ್ಲಾಗೆ, ಇನ್ನೇನು ನೋಡ್ತೀಯ!" ಎಂದರು. ಮಾವ ಮೀಸೆ ಸವರಿಕೊಂಡು ಸುಮ್ಮನೆ ಎರಡನೆಯ ಮುದ್ದೆ ಕೇಳಿದರು.

ನಾನು ಕೈತೊಳೆಯಲು ಹೋದಾಗ ಅತ್ತೆ ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಅಲ್ಲಾ ಅಮ್ಮಣ್ಣಿ, ಕಾರು ಬಲು ಜೋರಾಗಿ ಓಗ್ಬುಡ್ತದಂತಲ್ಲಾ?"

ಹೆದರಿದ್ದಾರೆಂದುಕೊಂಡು ನಾನು ಧೈರ್ಯ ಹೇಳಿದೆ: "ಹೂಂ ಅತ್ತೆ, ಅರಕಲಗೂಡು ಒಂದೇ ಗಂಟೆ!" ಅವರು "ಅಷ್ಟೇಯಾ" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ವ್ಯಾಪಾರ ಮುಗಿಸಲು ಹಾಸನಕ್ಕೆ ಹೋದದ್ದನ್ನು ನಾನು ಸಾಯುವತನಕ ಮರೆಯೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ತಿಳಿಸುವುದು. ಮಾವ ಹೆಗಲ ಟವೆಲ್ಲನ್ನು ಡಾಕ್ಟರ ಕೈಮೇಲೆ ಹೊದಿಸಿ, ಒಳಗೆ ಕೈತೂರಿಸಿ, ಎರಡು ಬೆರಳು ಒತ್ತಿ ಕಾದರು. ಡಾಕ್ಟರು ಒಂದು ಕ್ಷಣ ಗಲಿಬಿಲಿಗೊಂಡರು. ಆಮೇಲೆ ಮೂವತ್ತು ವರ್ಷದ ಅಭ್ಯಾಸವಲ್ಲವೇ, ಮಾವನ ಮಣಿಕಟ್ಟು ಹಿಡಿದು ಇನ್ನೊಂದು ಕೈಯ ಗಡಿಯಾರ ನೋಡತೊಡಗಿದರು! ಮಾವನಿಗೆ ಆ ಒತ್ತುವಿಕೆಯ ಲೆಕ್ಕ ಹತ್ತದೆ ಬೆವರಿಳಿಯಿತು.

"ನಾಡಿ ಸ್ವಲ್ಪ ಜೋರಾಗಿದೆ ಗೌಡರೇ. ಏನಾದರೂ ಚಿಂತೆಯೇ?" ಎಂದರು ಡಾಕ್ಟರು.

"ಚಿಂತೆ ಇಲ್ದೆ ಏನು ಸಾ? ಗೌರಿಹಬ್ಬುಕ್ಕೆ ಎಂಡ್ತೀನ ತವರಿಗೆ ಕರ್ಕಂಡೋಗ್ಬೇಕು. ಅವಳ್ ತಾಯಿಗೆ ಕಣ್ಣು ಕಾಣಾಕಿಲ್ಲ. ನೀವು ನೋಡುದ್ರೆ ಬೆಲೆ ಬುಟ್ಟು ಮಣಿಕಟ್ಟು ಹಿಡಿದಿದ್ದೀರಿ!"

ಡಾಕ್ಟರು ನಗಲಿಲ್ಲ. ಟವೆಲ್ಲು ಮಡಿಸಿ ಮಾವನ ಹೆಗಲಿಗೆ ಹಾಕಿ, "ನಿಮಗೆ ತೋಚಿದ್ದು ಕೊಡಿ, ಗಾಡಿ ತೆಗೆದುಕೊಂಡು ಹೋಗಿ" ಎಂದರು. ಅದೇ ಡಾಕ್ಟರು ನಮ್ಮ ಮಾವನಿಗೆ ಓಡಿಸುವುದನ್ನೂ ಕಲಿಸಲು ಒಪ್ಪಿಕೊಂಡರು. ಪುಣ್ಯಾತ್ಮ! ನಿಲ್ಲಿಸು ಎಂದರೆ ಮಾವ ಬ್ರೇಕು ಒತ್ತುವ ಬದಲು ಸ್ಟೇರಿಂಗನ್ನು ಎದೆಗೆಳೆದುಕೊಂಡು "ಹೋ... ಹೋ..." ಎನ್ನುತ್ತಿದ್ದರು. ಡಾಕ್ಟರ ಮನೆಯ ಗುಲಾಬಿ ಗಿಡಗಳು ಹೋದದ್ದು ಹಾಗೆ.

ಅಂತೂ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ಹೊರಟೆವು. ಬೀದಿಯೆಲ್ಲ ನೋಡುತ್ತಿತ್ತು. ಅತ್ತೆ ಮರ್ಯಾದೆಯಾಗಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಸೆರಗು ಹೊದ್ದುಕೊಂಡರು. ಊರು ದಾಟಿತು. ಅತ್ತೆಯ ಹಣೆಯ ಮೇಲೆ ಬೆವರು ಮೂಡಿತು.

"ಅಮ್ಮಣ್ಣಿ, ನಿಮ್ಮತ್ತೇನ ಕೇಳು, ಹೊಟ್ಟೆ ತೊಳೆಸ್ತೈತಾ ಅಂತ."

ಅತ್ತೆ ಹೌದೆಂದು ತಲೆಯಾಡಿಸಿದರು. ಮಾವ ಕಾರು ನಿಲ್ಲಿಸಿ ಕೆಳಗಿಳಿದರು. ಹಿಂದೆ ನೋಡಿದರು, ಮುಂದೆ ನೋಡಿದರು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಹಿಂಬಾಗಿಲು ತೆಗೆದು, ನನ್ನ ಕಡೆ ತಿರುಗಿಯೂ ನೋಡದೆ, "ಬಾ, ಮುಂದೆ ಕೂತ್ಕ. ಅಲ್ಲಿ ಗಾಳಿ ಬತ್ತದೆ" ಎಂದರು.

ಅತ್ತೆ ಮುಂದೆ ಕೂತರು. ಮಾವ ಮೊದಲನೇ ಗೇರಿನಿಂದ ಎರಡಕ್ಕೆ ಬಂದು ಅದರಲ್ಲೇ ಉಳಿದರು. ಬಸ್ಸೊಂದು ಹಾರನ್ ಬಾರಿಸುತ್ತಾ ನಮ್ಮನ್ನು ಹಿಂದೆ ಹಾಕಿಹೋಯಿತು. ಇಳಿಜಾರಿನಲ್ಲಿ ಎತ್ತಿನ ಗಾಡಿಯವನೊಬ್ಬ ನಮ್ಮನ್ನು ದಾಟುತ್ತಾ, "ಯಾಕ್ ಗೌಡ್ರೇ, ಎತ್ತು ಕಟ್ಕೊಡ್ಲಾ?" ಎಂದು ಕೂಗಿದ. ನನಗೆ ನಾಚಿಕೆಯಾಗಿ, "ಮಾವ, ಸ್ವಲ್ಪ ಜೋರಾಗಿ ಬಿಡಿ" ಎಂದೆ.

"ಅರಕಲಗೂಡು ಎಲ್ಲಿಗೂ ಓಡೋಗಾಕಿಲ್ಲ ಕಣಮ್ಮಣ್ಣಿ" ಎಂದರು.

ಅವರಿಬ್ಬರೂ ಮಾತಾಡುತ್ತಿದ್ದರು. ಸತ್ತ ಎತ್ತಿನ ಮಾತು, ಹುಣಿಸೆಹಣ್ಣಿನ ಮಾತು, ಅತ್ತೆ ಮದುವೆಯಾಗಿ ಬಂದ ದಿನ ಕಾಲುಂಗುರ ಕಳೆದುಕೊಂಡ ಮಾತು. ಅತ್ತೆ ಗಟ್ಟಿಯಾಗಿ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು. ನಿಮ್ಮತ್ತೆಗೇಳು, ನಿಮ್ಮ ಮಾವಂಗೇಳು ಎಂದು ಒಬ್ಬರೂ ನನ್ನನ್ನು ಕರೆಯಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಕೆಲಸ ಹೋದ ಸಂತೋಷದಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ನೆರಳು ಕಂಡಲ್ಲೆಲ್ಲ ನಿಲ್ಲಿಸುತ್ತಾ ದೀಪ ಹಚ್ಚುವ ಹೊತ್ತಿಗೆ ತಲುಪಿದೆವು. ಕುರುಡು ಮುದುಕಿ ಮಗಳ ಮುಖವನ್ನೆಲ್ಲ ಬೆರಳಿಂದ ತಡವಿ, "ನಗ್ತಿದ್ದೀಯಲ್ಲೇ!" ಎಂದು ಆಶ್ಚರ್ಯಪಟ್ಟಳು.

ಆ ಕಾರು ಪ್ರತಿ ಗೌರಿಗೂ ಹೀಗೇ ತೆವಳಿತು. ಎತ್ತಿಗಿಂತ ನಿಧಾನವಾಗಿ ಓಡುವ ಕಾರೆಂದು ಊರೆಲ್ಲ ಆಡಿಕೊಂಡಿತು. ಕಾರಣ ಬಲ್ಲವಳು ನಾನೊಬ್ಬಳೇ.

ಅರವತ್ತರ ದಶಕ ಮುಗಿಯುವ ಮುಂಚೆ ಅತ್ತೆ ತೀರಿಕೊಂಡರು, ನಾಲ್ಕೇ ದಿನದ ಜ್ವರದಲ್ಲಿ. ತಿಥಿಗೆ ತವರಿನವರನ್ನು ಕರೆಯಲು ಮಾವ ಮತ್ತು ನಾನು ಬೆಳಿಗ್ಗೆ ಹೊರಟೆವು. ನಾನು ರೂಢಿಯಂತೆ ಹಿಂದೆ ಕೂತೆ. ಮುಂದಿನ ಸೀಟು ಖಾಲಿಯಿತ್ತು. ಮಾವ ಒಂದು ಮಾತೂ ಆಡಲಿಲ್ಲ. ಮೂರನೇ ಗೇರು ಹಾಕಿದ್ದನ್ನು ಅಂದೇ ನೋಡಿದೆ. ಬಸ್ಸನ್ನೂ ಹಿಂದೆ ಹಾಕಿದರು. ಅರಕಲಗೂಡು ಕಂಡಾಗ ಇನ್ನೂ ಎಳೆಬಿಸಿಲು. ಮಾವ ರಸ್ತೆ ಬದಿಗೆ ಕಾರು ನಿಲ್ಲಿಸಿ, ಇಂಜಿನ್ನು ಆರಿಸಿದರು.

"ಅಮ್ಮಣ್ಣಿ," ಎಂದರು, "ಅರಕಲಗೂಡು ಇಷ್ಟು ಅತ್ರ ಇತ್ತೇನವ್ವಾ?"